ಅಡುಗೆಮನೆಗೆ ಸೊನ್ನೆ ತಾಸು

"ಮೇಡಂ, ಕತ್ತಲಾದ ಮ್ಯಾಲ ನಿಮ್ಮ ಮನ್ಯಾಗ ಯಾರ್ಯಾರು ಎಲ್ಲೆಲ್ಲಿ ಅಡ್ಡಾಡ್ತಾರ್ರಿ?"

ಪರಿಚಯವಾಗಿ ಐದು ನಿಮಿಷವೂ ಆಗದ ಗಂಡಸೊಬ್ಬ ಬೆಳಗಾವಿಯ ಕ್ಯಾಂಪಿನ ಒಂದು ಅಂಗಡಿಯಲ್ಲಿ, ಬೇರೆ ಗಿರಾಕಿಗಳ ಎದುರಿಗೇ, ನನ್ನನ್ನು ಹೀಗೆ ಕೇಳಿದ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಾನು ಛತ್ರಿ ಎತ್ತಿಕೊಂಡೆ. (ಹೊಡೆಯುವುದಕ್ಕಲ್ಲ, ಹೊರಡುವುದಕ್ಕೆ.)

ಈ ಅಂಕಣ ಓದುವವರಿಗೆ ಗೊತ್ತಿದೆ, ನಾನು ಮನೆಯ ವಿಷಯ ಬರೆಯುವವಳಲ್ಲ. ರಸ್ತೆ, ಬಸ್ಸು, ಪೋಸ್ಟಾಫೀಸಿನ ಗೋಂದು, ಇಂಥವು ನನ್ನ ವಿಷಯಗಳು. ನಮ್ಮ ಮನೆಯಲ್ಲಿ ಯಾರು ಎಲ್ಲಿ ಅಡ್ಡಾಡುತ್ತಾರೆ ಎಂಬುದನ್ನು ಪಕ್ಕದ ಮನೆಯವರಿಗೂ ಹೇಳಿದವಳಲ್ಲ. ಈ ವಾರ ಬರೆಯುತ್ತಿರುವುದು ನಮ್ಮ ಕಾಕುವಿನ, ಅಂದರೆ ಚಿಕ್ಕಮ್ಮನ, ಅಪ್ಪಣೆ ಪಡೆದು. ಕಾಕಾನ ಅಪ್ಪಣೆ ಕೇಳಿಲ್ಲ. (ಅವರು ಈ ಪತ್ರಿಕೆ ತರಿಸುತ್ತಾರೆ. ಓದುವುದು ಕ್ರಿಕೆಟ್ ಪುಟ ಮಾತ್ರ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.)

ವಿಷಯ ಇಷ್ಟೇ. ಖಾನಾಪುರದಿಂದ ಮುಂದೆ ಬಸ್ಸಿನಲ್ಲಿ ಅರ್ಧ ತಾಸು ಹೋಗಿ, ಇಳಿದು, ಬದುವಿನ ಮೇಲೆ ಕಾಲು ತಾಸು ನಡೆದರೆ ನಮ್ಮ ಹೊಲದ ಮನೆ. ಅಲ್ಲಿ ಆಯಿ ಇದ್ದಾರೆ, ಅಂದರೆ ಅಪ್ಪನ ತಾಯಿ. ಕಾಕಾ, ಕಾಕು ಇದ್ದಾರೆ. ಎರಡು ಎಮ್ಮೆ, ಒಂದು ಜೋಡಿ ಎತ್ತು ಇವೆ. ಕರೆಂಟು ಇಲ್ಲ. ಊರೊಳಗೆ ಕಂಬ ಬಂದು ಎಷ್ಟೋ ವರ್ಷವಾಯಿತು. ಆದರೆ ಊರಿನ ಕೊನೆಯ ಕಂಬಕ್ಕೂ ನಮ್ಮ ಮನೆಗೂ ನಡುವೆ ಹದಿನಾಲ್ಕು ಗದ್ದೆಗಳಿವೆ. ಕಂಬಗಳಿಗೆ ಗದ್ದೆ ದಾಟುವ ರೂಢಿ ಇಲ್ಲವಂತೆ.

ಕಾಲೇಜಿನಲ್ಲಿ ಕೆಲಸ ಸಿಕ್ಕ ಮೇಲೆ ಆ ಮನೆಗೆ ಏನಾದರೂ ಮಾಡಬೇಕು ಅನ್ನಿಸಿತು. ಸೋಲಾರ್ ಮಾಡಿಸೋಣ ಅಂದುಕೊಂಡೆ. ಒಂದು ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ದೀಪ. ಅದನ್ನು ಕೂಡಿಸಿಕೊಡುವ ಒಬ್ಬ ಮನುಷ್ಯನನ್ನು ಹುಡುಕಬೇಕಿತ್ತು. ಶಿವಬಸವ ನಗರದ ಮನೆಯಿಂದ ಹೊರಟು ಎರಡು ಶನಿವಾರ ಅದೇ ಕೆಲಸ ಮಾಡಿದೆ.

ಮೊದಲು ಸಿಕ್ಕವನು ಟೈ ಕಟ್ಟಿದ್ದ.

"ಮೇಡಂ, ಫ್ಯಾನ್, ಟೀವಿ, ಮಿಕ್ಸರ್, ಎಲ್ಲಾ ನಡೀತಾವು."

"ಮಳಿಗಾಲದಾಗ?"

"ಮಳಿಗಾಲದಾಗೂ."

"ಖಾನಾಪುರದ ಮಳಿಗಾಲದಾಗ?"

ಅವನು ಫೋನ್ ಬಂತೆಂದು ಒಳಗೆ ಹೋದ. ಫೋನು ರಿಂಗಾಗಿರಲಿಲ್ಲ.

ಎರಡನೆಯವನು ಖಾನಾಪುರದಲ್ಲಿ ಪಂಪ್‌ಸೆಟ್ಟಿನ ಮೋಟಾರು ದುರಸ್ತಿ ಮಾಡುವವನು. ತುಂಬ ಆತ್ಮವಿಶ್ವಾಸದ ಮನುಷ್ಯ. ಜಾಗ ನೋಡುವ ಮೊದಲೇ ಸಲಹೆ ಕೊಟ್ಟ: "ಬಿಸಲಾಗ ಇಟ್ರ ಪ್ಯಾನೆಲ್ ಕಾದು ಕೆಟ್ಟ ಹೋಗತೈತ್ರಿ. ಮಾವಿನ ಗಿಡಾ ಐತೇನ್ರಿ? ಅದರ ನೆಳ್ಳಾಗ ಕೂಡಸೂಣು."

ಮೂರನೆಯವನೇ ಮಾರುತಿ. ಅವನೂ ಖಾನಾಪುರದವನೇ. ಕ್ಯಾಂಪಿನ ಆ ಅಂಗಡಿಗಾಗಿ ಹಳ್ಳಿಹಳ್ಳಿಗೆ ಹೋಗಿ ಸೋಲಾರ್ ಕೂಡಿಸಿ ಬರುತ್ತಾನೆ. ಮನೆಯಲ್ಲಿ ಮರಾಠಿ, ಗಿರಾಕಿಗಳ ಜೊತೆ ಕನ್ನಡ, ಸ್ಕ್ರೂ ಕೆಳಗೆ ಬಿದ್ದಾಗ ಹಿಂದಿ. ನಾನು ಅವನನ್ನು ಕೆಲಸಕ್ಕೆ ಗೊತ್ತು ಮಾಡಲು ಹೋಗಿದ್ದೆ. ಅವನು ನನ್ನನ್ನೇ ಸಂದರ್ಶನ ಮಾಡಿದ.

ನಾನು ಛತ್ರಿ ಎತ್ತಿಕೊಂಡದ್ದು ನೋಡಿ ಗಾಬರಿಯಾಗಿ ಡ್ರಾವರಿನಿಂದ ಒಂದು ಫಾರ್ಮು ತೆಗೆದ. "ತಪ್ಪ ತಿಳೀಬ್ಯಾಡ್ರಿ ಮೇಡಂ. ಯಾವ ಕೋಣ್ಯಾಗ ಎಷ್ಟ ತಾಸ ಬೆಳಕ ಬೇಕು, ಅಷ್ಟ ಗೊತ್ತಾಗಬೇಕ್ರಿ ನನಗ. ದೀಪಾ ನಾಲ್ಕ ಅದಾವ. ಮಳಿಗಾಲದಾಗ ನಾಲ್ಕೂ ಹತ್ತೂದು ಖಾತ್ರಿ ಇಲ್ಲ. ಜುಲೈದಾಗ ಸೂರ್ಯಾ ನಮ್ಮ ತಾಲೂಕಿನಾಗ ರಜಾದ ಮ್ಯಾಲ ಇರತಾನ್ರಿ. ಸುಳ್ಳ ಹೇಳಿ ಕೂಡಸೂದಿಲ್ಲ ನಾ."

ಇವನೇ ಆಗಬಹುದು ಅನ್ನಿಸಿತು. ಛತ್ರಿ ಕೆಳಗಿಟ್ಟೆ.

ಫಾರ್ಮಿನಲ್ಲಿ ಎರಡು ಅಂಕಣ. ಎಡಕ್ಕೆ ಕೋಣೆಯ ಹೆಸರು. ಬಲಕ್ಕೆ, ಕತ್ತಲಾದ ಮೇಲೆ ಅಲ್ಲಿ ಎಷ್ಟು ತಾಸು ಬಳಕೆ. ಆಹಾ! ನಾನು ಸಂಖ್ಯಾಶಾಸ್ತ್ರ ಕಲಿಸುವವಳು. ಗೆರೆ ಹೊಡೆದ ಕಾಗದ ಸಿಕ್ಕರೆ ನನಗೆ ಬೇರೇನೂ ಬೇಡ. ಪಡಸಾಲೆ, ಎರಡೂವರೆ ತಾಸು. ಆಯಿಯ ಕೋಣೆ, ಒಂದೂವರೆ. ದನದ ಗೋಠಾ, ಅರ್ಧ. ಹೊರಗಿನ ಕಟ್ಟೆ, ಎರಡು. ಅಡುಗೆಮನೆ, ಸೊನ್ನೆ.

ಮಾರುತಿ ಆ ಸೊನ್ನೆಯ ಮೇಲೆ ಬೆರಳಿಟ್ಟ. "ಮರತ ಬರದೀರೇನ್ರಿ?"

"ನಾ ಮರಿಯೂದಿಲ್ಲ."

"ಮತ್ತ ರಾತ್ರಿ ಊಟಾ?"

"ನಾವು ಜೈನರು. ಹೊತ್ತ ಮುಳುಗಿದ ಮ್ಯಾಲ ನಮ್ಮ ಮನ್ಯಾಗ ಯಾರೂ ಏನೂ ತಿನ್ನೂದಿಲ್ಲ."

ಅವನು ಪೆನ್ನಿನ ಹಿಂಭಾಗ ಕಚ್ಚಿದ. "ಯಾರೂ?"

"ಯಾರೂ."

"ಏನೂ?"

"ಏನೂ."

"ಎಷ್ಟೋ ಮನಿಗಿ ಹಾಕೇನ್ರಿ. ಅಡಗಿ ಮನಿ ಝೀರೋ ಅಂದವರ ನೀವ ಮೊದಲು," ಎಂದು ಭಕ್ತಿಯಿಂದ ಹೇಳಿ ಫಾರ್ಮನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡ.

ಈಗ ನಿಮ್ಮ ಹತ್ತಿರ ಒಂದು ಮಾತು.

ಆಯಿಯದು ವ್ರತ. ನಾನು ಹುಟ್ಟುವ ಮೊದಲೇ ಮುನಿಗಳ ಎದುರು ತೆಗೆದುಕೊಂಡದ್ದು. ಹೊತ್ತು ಮುಳುಗಿದ ಮೇಲೆ ಅವರು ನೀರನ್ನೂ ಮುಟ್ಟುವುದಿಲ್ಲ. ಕತ್ತಲಲ್ಲಿ ತಿಂದರೆ ಊಟದೊಳಗೆ ಬಿದ್ದ ಹುಳ ಕಾಣುವುದಿಲ್ಲ, ದೀಪ ಹಚ್ಚಿದರೆ ದೀಪಕ್ಕೆ ಬಂದ ಹುಳ ಸಾಯುತ್ತದೆ. ಎರಡೂ ಪಾಪ. ಉಳಿದ ನಮ್ಮದೆಲ್ಲ ವ್ರತವಲ್ಲ, ಆಯಿಯ ಮನೆಯಲ್ಲಿ ಇರುವುದರ ನಿಯಮ. ಸಂಜೆ ಊಟ ಮುಗಿದರೆ ಅಡುಗೆಮನೆಯ ಚಿಮಣಿ ದೀಪ ಆರುತ್ತದೆ, ಬಾಗಿಲು ಮುಂದೆ ಮಾಡಿರುತ್ತದೆ.

ಮುಂದೆ ಮಾಡಿರುತ್ತದೆ. ಅಗಳಿ ಹಾಕಿರುವುದಿಲ್ಲ.

ಒಳಗೆ ಹೋದರೆ ಎಡಕ್ಕೆ, ಕೆಳಗಿನ ಹಲಗೆಯ ಮೇಲೆ, ಒಂದು ಹಿತ್ತಾಳೆ ಡಬ್ಬಿ. ಅದರಲ್ಲಿ ಅವಲಕ್ಕಿ ಚೂಡಾ. ಬಳ್ಳೊಳ್ಳಿ ಇಲ್ಲ, ಶೇಂಗಾ ಬೇಕಾದಷ್ಟು. ಮುಚ್ಚಳವನ್ನು ಎತ್ತಬಾರದು, ಸದ್ದಾಗುತ್ತದೆ. ಎರಡೂ ಕೈಯಿಂದ ಹಿಡಿದು ಮೆಲ್ಲಗೆ ತಿರುಗಿಸಬೇಕು. ಈ ವಿದ್ಯೆ ನನಗೆ ಏಳನೆಯ ವಯಸ್ಸಿನಿಂದ ಬರುತ್ತದೆ. ಕಾಕಾನಿಗೆ ಯಾವಾಗಿನಿಂದ ಬರುತ್ತದೋ ಗೊತ್ತಿಲ್ಲ. ಕತ್ತಲಲ್ಲಿ ಎರಡು ಸಲ ಅವರ ಮೊಣಕೈ ನನಗೆ ತಾಗಿದೆ. ಇಬ್ಬರೂ ಆ ವಿಷಯ ಎಂದೂ ಎತ್ತಿಲ್ಲ. ಮನೆತನ ಎಂದರೆ ಮತ್ತೇನು?

ಅಂದರೆ ನಾನು ಬರೆದ ಸೊನ್ನೆ ಶುದ್ಧ ಸುಳ್ಳು. ವಿದ್ಯಾರ್ಥಿಯೊಬ್ಬ ಬರೆದಿದ್ದರೆ ಫೇಲ್ ಮಾಡುತ್ತಿದ್ದೆ.

ಯುಗಾದಿ ಮುಗಿದ ಮುಂದಿನ ವಾರ ಮಾರುತಿ ಬಂದ. ಪ್ಯಾನೆಲ್ಲಿಗೆ ಕೌದಿ ಸುತ್ತಿ ಬಸ್ಸಿನ ಮೇಲೆ ಕಟ್ಟಿಕೊಂಡು ಬಂದಿದ್ದ. ಬ್ಯಾಟರಿ ಹೊರಲಾರದಷ್ಟು ಭಾರ. ರಸ್ತೆಯಿಂದ ಮನೆಯತನಕ ಅದು ಎತ್ತಿನ ಗಾಡಿಯಲ್ಲಿ ಬಂತು. ನಾನು ರಜೆ ಹಾಕಿ ಹಿಂದಿನ ದಿನವೇ ಹೋಗಿದ್ದೆ.

ಮೊದಲ ತಕರಾರು ಹೆಂಚಿನ ಮೇಲೆ ಎದ್ದಿತು. ಪ್ಯಾನೆಲ್ ಪೂರ್ವಕ್ಕೆ ಮುಖ ಮಾಡಬೇಕು ಎಂದರು ಕಾಕಾ. ದಕ್ಷಿಣಕ್ಕೆ ಎಂದ ಮಾರುತಿ.

"ದಕ್ಷಿಣಾ ಯಮನ ದಿಕ್ಕೋ ಮಾರಾಯಾ! ಶುಭಾ ಆಗಿದ್ದ ಯಾರರ ಆ ಕಡೆ ಮಾರಿ ಮಾಡತಾರೇನ?"

"ಕಾಕಾರ, ಪೂರ್ವಕ ಮಾಡಿದ್ರ ಮುಂಜಾನಿ ಅಷ್ಟ ಬಿಸಲ ಸಿಗತೈತ್ರಿ. ದಿನಾ ಪೂರ್ತಿ ಬೇಕಂದ್ರ ದಕ್ಷಿಣಾನ. ಸೂರ್ಯಾ ನಿಮ್ಮ ಮನೀ ಸಲುವಾಗಿ ಬ್ಯಾರೆ ದಾರಿ ಹಿಡಿಯೂದಿಲ್ರಿ."

ಕಾಕಾ ಸೋತರು. ಸೋತ ಸಿಟ್ಟನ್ನು ಅವರು ಎಲ್ಲಿ ತೀರಿಸಿಕೊಂಡರು ಎಂಬುದೇ ಮುಂದಿನ ಕಥೆ.

ಮಾರುತಿಗೆ ಒಂದು ಪದ್ಧತಿ ಇದೆ. ದೀಪ ಎಲ್ಲಿ ಬರಬೇಕೋ ಅಲ್ಲಿ ಮನೆಯವರೇ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಅದು ಒಂದು ರಾತ್ರಿ ಹಾಗೇ ಇರಬೇಕು. ಮರುದಿನ ಬೆಳಿಗ್ಗೆಯೂ ಅಲ್ಲೇ ಇದ್ದರೆ ಮಾತ್ರ ಅವನು ತೂತು ಹೊಡೆಯುತ್ತಾನೆ. ಹಿಂದೆ ಯಾವುದೋ ಮನೆಯಲ್ಲಿ ಅಣ್ಣತಮ್ಮಂದಿರ ಜಗಳದಲ್ಲಿ ಒಂದೇ ದೀಪಕ್ಕೆ ಐದು ತೂತು ಹೊಡೆದನಂತೆ. ಅಂದಿನಿಂದ ಈ ನಿಯಮ.

"ಒಂದ ರಾತ್ರಿ ತಡಕೊಂಡ ಗುರ್ತಿಗಿ ಆಮ್ಯಾಲ ಯಾರೂ ತಕರಾರ ತಗಿಯೂದಿಲ್ರಿ," ಎಂದು ನಾಲ್ಕು ತುಂಡು ಖಡು ತೆಗೆದು ಕಟ್ಟೆಯ ಮೇಲಿಟ್ಟ. (ಸೀಮೆಸುಣ್ಣಕ್ಕೆ ನಮ್ಮ ಕಡೆ ಖಡು ಎನ್ನುತ್ತಾರೆ. ಬೆಂಗಳೂರಿನ ಓದುಗರು ಕ್ಷಮಿಸಬೇಕು.)

ಪಡಸಾಲೆಯಲ್ಲಿ ಕಾಕಾ ಗುರುತು ಹಾಕಿದರು. ಗೋಠಾದಲ್ಲೂ ಅವರೇ. ಆಯಿ ತಮ್ಮ ಕೋಣೆಯ ಕಿಟಕಿಯ ಹತ್ತಿರ ಹಾಕಿಸಿಕೊಂಡರು. "ಹುಳಾ ಬಂದ್ರ ಹೊರಗ ಹೋಗಾಕ ದಾರಿ ಇರ್ಲಿ" ಎಂದರು. ನಾಲ್ಕನೆಯದನ್ನು ಕಾಕಾ ಹೊರಗಿನ ಕಟ್ಟೆಯ ಮೇಲಿನ ತೊಲೆಗೆ ಎಳೆದರು. ಸಂಜೆ ಅಲ್ಲಿ ಅವರು, ಅವರ ರೇಡಿಯೊ, ಊರಿನಿಂದ ಬರುವ ಇಬ್ಬರು ಗೆಳೆಯರು ಕೂಡುತ್ತಾರೆ. ಅವರು ಮಾತನಾಡುತ್ತಾರೆ. ಮಾತನಾಡಲು ಬೆಳಕು ಯಾಕೆ ಬೇಕು? ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಕಾಕು ಒಳಗಿನಿಂದ ಬಂದರು. ಸೆರಗಿಗೆ ಕೈ ಒರೆಸಿಕೊಂಡು ಒಂದು ತುಂಡು ಖಡು ಎತ್ತಿಕೊಂಡರು. ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಗೋಡೆಗೆ ದೊಡ್ಡದಾಗಿ ಗುರುತು ಎಳೆದರು.

ಕಾಕಾ ಹಿಂದೆಯೇ ಹೋದರು. "ಏ, ಅಲ್ಲ್ಯಾಕ? ಅಡಗಿ ಮನಿಗಿ ಸೊನ್ನಿ ಐತಿ. ಫಾರ್ಮಿನಾಗ ಬರದಾಳ ಹುಡಗಿ. ಕಲತ ಹುಡಗಿ!" ಎಂದು ನಗುತ್ತ ಅಂಗೈಯಿಂದ ಆ ಗುರುತನ್ನು ಒರೆಸಿಬಿಟ್ಟರು. ಯಮನ ದಿಕ್ಕಿನ ಸೋಲು ಅಲ್ಲಿಗೆ ತೀರಿತು.

ಕಾಕು ನನ್ನ ಕಡೆ ತಿರುಗಿದರು. "ಖರೇನ ಸೊನ್ನಿ ಬರದೀಯೇನ?"

"ಹೊತ್ತ ಮುಳುಗಿದ ಮ್ಯಾಲ ಒಲಿ ಆರಿರತೈತಲ್ಲ ಕಾಕು..."

"ನನ್ನ ಕೇಳಿದ್ದೇನ?"

ಕೇಳಿರಲಿಲ್ಲ.

ಅವರ ಬಲಗೈ ಮಣಿಕಟ್ಟಿನ ಮೇಲೆ ಒಂದು ಸುಟ್ಟ ಕಲೆ ಇದೆ. ಹೋದ ಮಳೆಗಾಲದ್ದು. ಆ ಅಡುಗೆಮನೆಗೆ ಇರುವುದು ಒಂದೇ ಕಿಟಕಿ. ಮಳೆಯ ಇರಚಲು ಹೊಡೆಯುತ್ತದೆಂದು ಮಳೆಗಾಲದುದ್ದಕ್ಕೂ ಅದನ್ನು ಮುಚ್ಚಿರುತ್ತಾರೆ. ಮಧ್ಯಾಹ್ನ ಮೂರೂವರೆಗೇ ಒಳಗೆ ಕತ್ತಲು. ಹೊತ್ತು ಮುಳುಗುವ ಮೊದಲು ಊಟವಾಗಬೇಕಾದರೆ ಅಡುಗೆ ಆ ಕತ್ತಲಲ್ಲೇ ಆಗಬೇಕು. ಒಂದು ಕೈಯಲ್ಲಿ ಚಿಮಣಿ, ಇನ್ನೊಂದು ಕೈಯಲ್ಲಿ ಅಕ್ಕಿಯ ಹುಳ ಆರಿಸುವುದು. ಮೂರನೆಯ ಕೈ ಇಲ್ಲದ್ದರಿಂದ ಕುದಿಯುವ ಪಾತ್ರೆ ಮಣಿಕಟ್ಟಿಗೆ ತಾಗಿತು.

ಫಾರ್ಮು ಕೇಳಿದ್ದು ಕತ್ತಲಾದ ಮೇಲಿನ ತಾಸುಗಳನ್ನು. ನಾನು ಕತ್ತಲು ಎಂದರೆ ಹೊತ್ತು ಮುಳುಗುವುದು ಎಂದು ತಿಳಿದೆ. ಕಾಕುವಿನ ಕತ್ತಲು ಅದಕ್ಕಿಂತ ಮೂರು ತಾಸು ಮೊದಲೇ ಬರುತ್ತದೆ. ಒಲೆಯ ಮುಂದೆ ಕೂತವರನ್ನು ಬಿಟ್ಟು, ಒಲೆಯ ಬಗ್ಗೆ ಸೊಗಸಾಗಿ ಬರೆಯಬಲ್ಲವರ ಕೈಗೆ ಫಾರ್ಮು ಕೊಟ್ಟರೆ ಇನ್ನೇನಾಗುತ್ತದೆ? ನಮ್ಮ ಎಷ್ಟು ಕಚೇರಿಗಳಲ್ಲಿ ಇಂಥ ಸೊನ್ನೆಗಳು ಫೈಲಿನೊಳಗೆ ನೆಮ್ಮದಿಯಾಗಿ ಮಲಗಿವೆಯೋ!

ಸರಿ. ಆಗಲಾದರೂ ನಾನು "ತಪ್ಪಾಯಿತು, ಅಡುಗೆಮನೆಗೇ ಹಾಕೋಣ" ಎನ್ನಬಹುದಿತ್ತು. ಎನ್ನಲಿಲ್ಲ. ಯಾಕೆ? ದೀಪ ಬಂದರೆ ಅದು ಮಳೆಗಾಲದ ಮಧ್ಯಾಹ್ನಕ್ಕಷ್ಟೇ ಬರುವುದಿಲ್ಲ. ರಾತ್ರಿಯೂ ಅಲ್ಲೇ ಇರುತ್ತದೆ. ಯಾರಾದರೂ ಬಟನ್ ಒತ್ತಿದರೆ ಡಬ್ಬಿ, ಮುಚ್ಚಳ, ನಾನು, ಎಲ್ಲ ಒಟ್ಟಿಗೇ ಕಾಣುತ್ತೇವೆ. ಆ ಕತ್ತಲೆ ನನಗೂ ಬೇಕಾಗಿತ್ತು. ಕಾಕಾನಿಗೂ. ಅವರ ಕಣ್ಣು ನನ್ನ ಕಣ್ಣು ಒಂದು ಕ್ಷಣ ಸೇರಿದವು. ಇಬ್ಬರೂ ಬೇರೆ ಕಡೆ ನೋಡಿದೆವು.

ಕಾಕು ಒಲೆಯ ಕಡೆ ತಿರುಗಿದರು. ಖಡು ಮಾತ್ರ ವಾಪಸು ಕೊಡಲಿಲ್ಲ.

ಸಂಜೆ ಐದೂವರೆಗೆ ಎಲೆ ಹಾಕಿದರು. ಆಯಿ ಮಾರುತಿಯ ಎದುರು ಕೂತು ಕಾಕುವಿಗೆ ಬಡಿಸಲು ಹೇಳಿದರು. "ಹೊಟ್ಟಿ ತುಂಬ ಉಣ್ಣಪಾ. ಇನ್ನ ನಾಳಿ ಹೊತ್ತ ಹುಟ್ಟೂ ತನಕಾ ಏನೂ ಸಿಗೂದಿಲ್ಲ."

ಮಾರುತಿ ನಕ್ಕ. ಚೇಷ್ಟೆ ಎಂದುಕೊಂಡ. ಖಾನಾಪುರದಲ್ಲಿ ಅವನು ಒಂಬತ್ತು ಗಂಟೆಗೆ ಉಣ್ಣುವವನು. ಒಂದೂವರೆ ರೊಟ್ಟಿ ತಿಂದು ಕೈ ತೊಳೆದ. ಕೊನೆಯ ಬಸ್ಸು ಹೋಗಿಯಾಗಿತ್ತು. ಪಡಸಾಲೆಯಲ್ಲಿ ಅವನಿಗೆ ಹಾಸಿಗೆ ಹಾಕಿದರು.

ಬೆಳಗಾಯಿತು. ಆಯಿಯ ಲೆಕ್ಕದಂತೆ ಹೊತ್ತು ಹುಟ್ಟಿ ಎರಡು ಗಳಿಗೆ ಕಳೆದ ಮೇಲೆ ಕಾಕು ಚಹಾ ತಂದರು. ಎಲ್ಲರೂ ಕಟ್ಟೆಯ ಮೇಲೆ ಕೂತಿದ್ದೆವು. ಒಳ್ಳೆಯ ಬಿಸಿಲು. ನಾನು ಕಾಕಾನ ಮುಖ ನೋಡಿದೆ.

ಅವರ ಕಪ್ಪು ಮೀಸೆಯ ಎಡತುದಿ ಒಂದೇ ರಾತ್ರಿಯಲ್ಲಿ ಬೆಳ್ಳಗಾಗಿತ್ತು.

ನಗು ಬಂತು. ತಡೆದುಕೊಳ್ಳಲು ಓಢಣಿಯನ್ನು ಬಾಯಿಗೆ ಒತ್ತಿಕೊಂಡೆ. ಕಡುನೀಲಿ ಓಢಣಿ. ಅದರ ಮೇಲೆ ಐದು ಬೆರಳು ಅಚ್ಚಾಗಿದ್ದವು. ಬಿಳಿಯವು. ನನ್ನವೇ.

ಕಾಕು ಹಿಂದಿನ ರಾತ್ರಿ ಖಡುವನ್ನು ಕುಟ್ಟಿ ಪುಡಿ ಮಾಡಿದ್ದರು. ಗುರುತು ಹಾಕಲು ಈ ಸಲ ಗೋಡೆಯ ಗೊಡವೆಗೇ ಹೋಗಿರಲಿಲ್ಲ. ಡಬ್ಬಿಯ ಮುಚ್ಚಳಕ್ಕೆ ಪುಡಿಯನ್ನು ಹದವಾಗಿ ಸವರಿ ಮಲಗಿದ್ದರು.

ಮಾರುತಿಯ ಖಾಕಿ ಪ್ಯಾಂಟನ್ನೂ ನೋಡಿದೆ. ತೊಡೆಯ ಮೇಲೆ ಎರಡು ಬೆರಳು ಒರೆಸಿದ ಗುರುತು. (ಆಯಿಯ ಸೀರೆಯನ್ನೂ ನೋಡಿದೆ. ಆಯಿ ಉಡುವುದು ಬಿಳಿ ಸೀರೆ. ಅದರ ಮೇಲೆ ಖಡು ಕಾಣುವುದಿಲ್ಲ. ಆಯಿಯ ಮೇಲೆ ನನಗೆ ಪೂರ್ಣ ನಂಬಿಕೆ ಇದೆ, ಸುಮ್ಮನೆ ಹೇಳಿದೆ ಅಷ್ಟೆ.)

ಆಯಿಯ ಕಣ್ಣು ಈಗ ಮಂದ. ಅವರಿಗೆ ಮೀಸೆಯೂ ಕಾಣಲಿಲ್ಲ, ಓಢಣಿಯೂ ಕಾಣಲಿಲ್ಲ. ಅವರಿಗೆ ತಿಳಿಸುವುದು, ಬಿಡುವುದು, ಎಲ್ಲ ಕಾಕುವಿನ ಕೈಯಲ್ಲಿತ್ತು. ಕಾಕು ನಿಧಾನವಾಗಿ ಎಲ್ಲರಿಗೂ ಚಹಾ ಕೊಟ್ಟರು. ಆಮೇಲೆ ಬಾಗಿಲಿಗೆ ಒರಗಿ ನಿಂತರು.

"ಆಯಿ, ರಾತ್ರಿ ಅಡಗಿ ಮನ್ಯಾಗ ಇಲಿ ಬಂದಿದ್ವರಿ."

ಬಾಯಿಗೆ ಹೋಗುತ್ತಿದ್ದ ಕಾಕಾನ ಚಹಾದ ಬಸಿ ಅರ್ಧಕ್ಕೇ ನಿಂತಿತು.

"ಇಲಿ?" ಎಂದರು ಆಯಿ.

"ಹೂಂರಿ. ಸಾಲಿ ಕಲತ ಇಲಿ ಇರಬೇಕ್ರಿ. ಕೈಗೆಲ್ಲಾ ಖಡು ಹಚಗೊಂಡ ಹೋಗ್ಯಾವ."

ಕಾಕಾನಿಗೆ ಗಾಬರಿಯಾದರೆ ದನಿ ದೊಡ್ಡದಾಗುತ್ತದೆ. "ಖಡು ತಂದಾಂವ ಯಾರು? ಈ ಮಾರುತಿ! ಅಂವನ ಕೆಲಸಾ ಇರಬೇಕು. ಹೊರಗಿನ ಮನಶ್ಯಾನ್ನ ಒಳಗ ಮಲಗಿಸಿದ್ರ ಮತ್ತೇನಾಗತೈತಿ?"

ಮಾರುತಿ ಕಪ್ಪು ಕೆಳಗಿಟ್ಟ. ಅವನ ಮುಖ ಕೆಂಪಾಗಿತ್ತು. "ಕಾಕಾರ, ನಾ ಸುಳ್ಳ ಹೇಳೂದಿಲ್ರಿ. ಹಸಿವ್ಯಾಗಿತ್ತು. ತಿನ್ನಬೇಕಂತನ ಹೋಗಿದ್ದೆ. ಡಬ್ಬಿ ತಗದ ನೋಡಿದ್ರ ಖಾಲಿ ಇತ್ತರಿ."

ಕಾಕಾ ಬಸಿಯನ್ನು ಮತ್ತೆ ಬಾಯಿಗೆ ಎತ್ತಿದರು.

ಖಾಲಿ ಮಾಡಿದವಳು ನಾನು. ಇದನ್ನು ಇಲ್ಲಿ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ. ನನಗೆ ಸಿಕ್ಕದ್ದೂ ಬರೇ ತಳದ ಪುಡಿ. ಮೇಲಿನದೆಲ್ಲ ನನಗಿಂತ ಮುಂಚೆ ಹೋದ ಮೀಸೆಯವರಿಗೆ ಸಂದಿತ್ತು.

ಆಯಿ ಕೈಯಲ್ಲಿದ್ದ ಜಪಮಾಲೆಯ ಎರಡು ಮಣಿ ಸರಿಸಿದರು. ಆಮೇಲೆ ಕೇಳಿದರು: "ಎಷ್ಟ ಇಲಿ?"

ಕಾಕು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನನ್ನ ಮೇಲೆ ಕಣ್ಣು ಸ್ವಲ್ಪ ಜಾಸ್ತಿಯೇ ನಿಂತಿತು. "ಕತ್ತಲದಾಗ ಹೆಂಗ ಎಣಸೂದ್ರಿ ಆಯಿ? ದೀಪಾ ಇದ್ದಿದ್ರ ಕಾಣತಿತ್ತು."

"ನಾ ಏನ ಬ್ಯಾಡ ಅಂದೆನೇನ?" ಎಂದರು ಕಾಕಾ. ಇಷ್ಟು ಬೇಗ ಅಭಿಪ್ರಾಯ ಬದಲಿಸಿದ ಮನುಷ್ಯನನ್ನು ನಾನು ಚುನಾವಣೆಯಲ್ಲೂ ಕಂಡಿಲ್ಲ. "ಅಡಗಿ ಮನಿಗೂ ಬೇಕಾ ಬೇಕು."

"ನಾನೂ ಅದನ್ನ ಅನ್ನಾಂವ ಇದ್ದೆ" ಎಂದ ಮಾರುತಿ.

ನಾನು ತಲೆಯಾಡಿಸಿದೆ. ಓಢಣಿಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ.

ಆದರೆ ಕಾಕುವಿಗೆ ಹೆದರಿಸಿ ಗೆದ್ದದ್ದು ಸಾಕಾಗಲಿಲ್ಲ. ಅವರು ಬಂದು ಆಯಿಯ ಪಕ್ಕದಲ್ಲಿ ಕೂತರು. ದನಿಯಲ್ಲಿ ಚೇಷ್ಟೆ ಇರಲಿಲ್ಲ.

"ಆಯಿ, ಊಟದಾಗ ಹುಳಾ ಬೀಳಬಾರದಂತ ನೀವು ಬೆಳಕ ಇದ್ದಾಗ ಉಣ್ಣತೀರಿ. ಖರೇ ಐತಿ. ಮಳಿಗಾಲದಾಗ ನಾ ಕತ್ತಲದಾಗ ಅಡಗಿ ಮಾಡತೇನಿ. ಅಕ್ಯಾಗಿನ ಹುಳಾ ನನಗ ಕಾಣೂದಿಲ್ಲ. ಕುದಿಯೂ ನೀರಾಗ ಎಷ್ಟ ಹೋಗ್ಯಾವ ಅಂತ ನನಗ ಗೊತ್ತಿಲ್ಲ. ನಿಮಗ ಹೇಳಬಾರದಂತ ಇಷ್ಟ ವರ್ಷಾ ಹೇಳಿಲ್ಲ. ಉಣ್ಣಾಕಿಗಿ ಬೆಳಕ ಬೇಕು, ಮಾಡಾಕಿಗಿ ಬ್ಯಾಡೇನ್ರಿ?"

ಆಯಿಯ ಕೈ ಜಪಮಾಲೆಯ ಮೇಲೆ ನಿಂತಿತು. ಅವರು ಸೊಸೆಯ ಕೈ ಹಿಡಿದು, ಮಣಿಕಟ್ಟಿನ ಕಲೆಯನ್ನು ಬೆರಳಿನಿಂದ ಹುಡುಕಿ ಮುಟ್ಟಿದರು. ಅದು ಅಲ್ಲಿದೆ ಎಂದು ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ. ಯಾಕಾಯಿತು ಎಂದು ಕೇಳಿರಲಿಲ್ಲ ಅಷ್ಟೆ. ಆ ಮನೆಯಲ್ಲಿ ಕೇಳದವರು ನಾನೊಬ್ಬಳೇ ಅಲ್ಲ.

"ಮಾರುತಿ," ಎಂದರು ಆಯಿ, "ಕಟ್ಟೀಗ ಬ್ಯಾಡ. ಒಲೀ ಮ್ಯಾಲ ಹಾಕು."

"ಆತ್ರಿ ಆಯಿ."

"ಬಟನ್ನು?" ಎಂದರು ಕಾಕಾ ಮೆಲ್ಲಗೆ. "ಬಟನ್ ಬೇಕಾದ್ರ ಪಡಸಾಲ್ಯಾಗ..."

"ಬಟನ್ ಒಲೀ ಬಾಜೂಕ," ಎಂದರು ಕಾಕು.

ಬಟನ್ ಒಲೆಯ ಬಾಜುವಿಗೇ ಬಂತು. ಆಯಿ ಎದ್ದು ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು: "ಆ ಡಬ್ಬಿ ಮತ್ತ ತುಂಬಿಡವಾ. ಇಲಿ ಹಸದಿರತಾವ."

ಯಾರ ಮುಖವೂ ನೋಡದೆ ಹೇಳಿದರು. ನಾವೂ ಯಾರ ಮುಖವೂ ನೋಡಲಿಲ್ಲ.

ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಮಾರುತಿ ಬ್ಯಾಟರಿಯ ಪಾಠ ಮಾಡಿದ. ಹಸಿರು ದೀಪ ಇದ್ದರೆ ಚಿಂತೆ ಇಲ್ಲ, ಕೆಂಪು ಬಂದರೆ ಆರಿಸಬೇಕು, ತಿಂಗಳಿಗೊಮ್ಮೆ ಡಿಸ್ಟಿಲ್ಡ್ ನೀರು ಹಾಕಬೇಕು. "ಯಾರ ಕಲೀತೀರಿ?" ಎಂದು ಕೇಳಿದ. ಕಾಕಾ ಚಾಳೀಸಿನ ಕನ್ನಡಕ ಸಿಗುತ್ತಿಲ್ಲ ಎಂದರು. ಕಾಕು ಮುಂದೆ ಬಂದು ಕೂತರು. ಎರಡು ಸಲ ಕೇಳಿ, ಮೂರನೆಯ ಸಲ ತಾವೇ ಅವನಿಗೆ ಪಾಠ ಒಪ್ಪಿಸಿದರು. ಮಾರುತಿಯ ಜೊತೆ ನಾನೂ ಬಸ್ಸಿಗೆ ಹೊರಟೆ. ಬಸ್ಸಿನಲ್ಲಿ ಅವನು ಕಿಸೆಯಿಂದ ಫಾರ್ಮು ತೆಗೆದು, "ತಿದ್ದಿ ಕೊಡ್ರಿ ಮೇಡಂ, ಆಫೀಸಿನಾಗ ಕೇಳತಾರ" ಎಂದ. ತಿದ್ದಿಕೊಟ್ಟೆ. ಜೀವನದಲ್ಲಿ ಮೊದಲ ಸಲ ನನ್ನ ಅಂಕಿಯನ್ನು ಪೆನ್ನಿನಿಂದ ಹೊಡೆದು ಹಾಕಿದೆ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ.

ಹೋದ ಶನಿವಾರ ಮತ್ತೆ ಹೋಗಿದ್ದೆ. ಜುಲೈ. ಮಾರುತಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಒಂಬತ್ತು ದಿನದಿಂದ ಸೂರ್ಯನ ಪತ್ತೆ ಇರಲಿಲ್ಲ. ಬ್ಯಾಟರಿಯಲ್ಲಿ ಇದ್ದದ್ದು ಒಂದೇ ದೀಪಕ್ಕೆ ಆಗುವಷ್ಟು. ಯಾವ ದೀಪ ಎಂಬುದನ್ನು ಬ್ಯಾಟರಿಯ ಪಾಠ ಕಲಿತವರು ನಿರ್ಧರಿಸಿದ್ದರು. ಪಡಸಾಲೆಯದು ಬಂದ್. ಗೋಠಾದ್ದು ಬಂದ್. ಆಯಿಯ ಕೋಣೆಯದನ್ನು ಆಯಿಯೇ ಬಂದ್ ಮಾಡಿಸಿದ್ದರು. ಇಡೀ ಮನೆಯಲ್ಲಿ ಒಲೆಯ ಮೇಲಿನ ಟ್ಯೂಬು ಒಂದೇ ಉರಿಯುತ್ತಿತ್ತು.

ನಾನು ನೆನೆದುಕೊಂಡು ಹೋದಾಗ ಊಟದ ಹೊತ್ತು. ಅನ್ನ ಬೆಳ್ಳಗೆ ಇತ್ತು, ಸಾರಿನೊಳಗೆ ಕೊತ್ತಂಬರಿ ಎಲೆ ಎಣಿಸಬಹುದಿತ್ತು. ಕಾಕುವಿನ ಎರಡೂ ಕೈ ಖಾಲಿ ಇದ್ದವು, ಅಂದರೆ ಎರಡೂ ಕೈಯಿಂದ ಬಡಿಸುತ್ತಿದ್ದರು. ಊಟವಾಯಿತು. ಹೊತ್ತು ಮುಳುಗಿತು. ಯಾರೂ ಏಳಲಿಲ್ಲ.

ಏಳಲು ಎಲ್ಲಿಗೆ? ಬೆಳಕಿದ್ದದ್ದು ಅಲ್ಲೇ. ಆಯಿ ಒಲೆಯ ಬೆಚ್ಚಗಿನ ಗೋಡೆಗೆ ಒರಗಿ ಜಪಕ್ಕೆ ಕೂತರು. ಕಾಕಾ ಕ್ರಿಕೆಟ್ ಪುಟ ಬಿಡಿಸಿದರು. ಅವರ ಗೆಳೆಯರಿಬ್ಬರೂ ಕೊಡೆ ಮಡಚಿ ರೇಡಿಯೊ ಸಮೇತ ಅಲ್ಲಿಗೇ ಬಂದು ಕೂತರು. ನಾನು ಉತ್ತರಪತ್ರಿಕೆ ತಿದ್ದಲು ತೆಗೆದೆ. ಚೂಡಾದ ಡಬ್ಬಿ ಕೆಳಗಿನ ಹಲಗೆಯ ಮೇಲೆ ಫಳಫಳ ಹೊಳೆಯುತ್ತಿತ್ತು. ಕಾಕಾ ಅದನ್ನು ನೋಡದಿರಲು ಪಟ್ಟ ಕಷ್ಟವನ್ನು ಬ್ಯಾಟ್ಸಮನ್ನರೂ ಪಟ್ಟಿರಲಿಕ್ಕಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದೆ, ಅಡುಗೆಮನೆಯಲ್ಲಿ ಕಾಕು ಇರಲಿಲ್ಲ.

ಹುಡುಕಿಕೊಂಡು ಹೊರಗೆ ಬಂದೆ. ಕಟ್ಟೆಯ ಮೇಲೆ ಕತ್ತಲು. ಮಳೆ ಸಣ್ಣಗೆ ಬೀಳುತ್ತಿತ್ತು. ಕಾಕಾ ಯಾವಾಗಲೂ ಕೂಡುವ ಜಾಗದಲ್ಲಿ ಕಾಕು ಕಂಬಕ್ಕೆ ಬೆನ್ನು ಕೊಟ್ಟು, ಎರಡೂ ಕಾಲು ಉದ್ದಕ್ಕೆ ಚಾಚಿ ಕೂತಿದ್ದರು. ಕೈಯಲ್ಲಿ ಸೊಪ್ಪಿಲ್ಲ, ಮೊರವಿಲ್ಲ, ಸೂಜಿದಾರವಿಲ್ಲ. ನನ್ನನ್ನು ನೋಡಿ ಪಕ್ಕದಲ್ಲಿ ಜಾಗ ಮಾಡಲಿಲ್ಲ. ನಾನೂ ಕೂಡಲಿಲ್ಲ. ಬಾಗಿಲಲ್ಲೇ ನಿಂತೆ.

ಒಳಗಿನಿಂದ ಕಾಕಾ ಕೂಗಿದರು: "ಏ, ಅಲ್ಲಿ ಕತ್ತಲದಾಗ ಒಬ್ಬಾಕಿನ ಏನ ಮಾಡಾಕತ್ತಿ?"

"ಏನೂ ಇಲ್ಲರಿ," ಎಂದರು ಕಾಕು.

ಹುಟ್ಟಿದಾಗಿನಿಂದ ಆ ಮನೆಗೆ ಹೋಗುತ್ತಿದ್ದೇನೆ. ಕಾಕುವಿನ ಬಾಯಲ್ಲಿ ಈ ಉತ್ತರವನ್ನು ಕೇಳಿದ್ದು ಇದೇ ಮೊದಲು.